ನಾನು ನೋಡದ ಎರಡನೇ ಭಾಗ

ಮಾರ್ಚ್ ೪, ಮಂಗಳವಾರ

ಮರಿ ಮಲಗಿದ್ದಾಳೆ. ಕನ್ನಡಿ ಹಿಡಿದು ನೋಡಿದೆ, ಮಂಜು ಕಟ್ಟಿತು. ಇಲ್ಲಿ ಬಂದು ತಾರೀಖು ಬರೆಯುವಷ್ಟರಲ್ಲಿ ಮತ್ತೆ ಅನುಮಾನ ಬಂತು. ಎದ್ದು ಹೋಗಿ ಮತ್ತೊಮ್ಮೆ ಹಿಡಿದೆ. ಮಂಜು ಕಟ್ಟಿತು.

ಹಳೆಯ ಪೌಡರ್ ಡಬ್ಬಿಯ ಮುಚ್ಚಳದೊಳಗಿದ್ದ ದುಂಡು ಕನ್ನಡಿ ಅದು. ನಾನು ಮುಖಕ್ಕೆ ಪೌಡರ್ ಹಚ್ಚಿ ಯಾವ ಕಾಲವಾಯಿತೋ. ಈಗ ಅದಕ್ಕೆ ಉಳಿದಿರುವುದು ಒಂದೇ ಕೆಲಸ, ಐದು ತಿಂಗಳ ಕೂಸಿನ ಮೂಗಿನ ಕೆಳಗೆ ನಿಂತು ಉಸಿರಿಗೆ ಸಾಕ್ಷಿ ಹೇಳುವುದು. ಕನ್ನಡಿಯ ಮೇಲೂ ನಂಬಿಕೆ ಹೋದಾಗ ಅಂಗಾಲನ್ನು ಮೆಲ್ಲಗೆ ಸವರುತ್ತೇನೆ. ಅವಳು ಕಾಲು ಎಳೆದುಕೊಂಡರೆ ನನಗೆ ಜೀವ ಬರುತ್ತದೆ. ಎಷ್ಟೋ ಸಲ ಅವಳಿಗೆ ಎಚ್ಚರವಾಗಿ ಅಳುತ್ತಾಳೆ. ಆಗ ನಾನೂ ಅಳುತ್ತೇನೆ. ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ಓದುತ್ತಿದ್ದವಳಿಗೆ ಹೆರಿಗೆ ರಜೆ ಕೊಟ್ಟರೂ ತಲೆಯೊಳಗಿನ ಅರ್ಜಿಗಳಿಗೆ ರಜೆಯಿಲ್ಲ. ದಿಂಬು, ಹೊದಿಕೆ, ಹಾಲು ನೆತ್ತಿಗೇರುವುದು, ಎಲ್ಲದಕ್ಕೂ ನನ್ನ ಹತ್ತಿರ ಒಂದೊಂದು ಕಡತವಿದೆ.

ಕನ್ನಡಿಯ ವಿಷಯ ಯಾರಿಗೂ ಹೇಳಿಲ್ಲ. ಒಂದು ಬೆಳಿಗ್ಗೆ ಟಾರ್ಚು ಮಾತ್ರ ಬಾಗಿಲಲ್ಲಿ ನಿಂತು ನೋಡಿದ. ಏನೂ ಕೇಳದೆ ಹಲ್ಲುಜ್ಜಲು ಹೋದ. ಆ ಮೌನಕ್ಕೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತ್ತು.

ಟಾರ್ಚು ಎಂದರೆ ನನ್ನ ಗಂಡ. ಕಾಲೇಜಿನ ಸಿನಿಮಾ ಸಂಘದಲ್ಲಿ ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಕುರ್ಚಿ ತೋರಿಸುತ್ತಿದ್ದವನು. ಈಗಲೂ ಅದೇ ಕೆಲಸ ಎನ್ನಿ. ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಜನರ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾನೆ. ನನಗೆ ಬಾವಲಿ ಎಂದು ಹೆಸರಿಟ್ಟವನು ಅವನೇ. ನಾವಿಬ್ಬರೂ ಹತ್ತಿರವಾದದ್ದು ಒಂದೇ ಒಂದು ಸಿನಿಮಾದಿಂದ: ‘ಗೋಡೆಯ ಉಸಿರು’. ಬಾಡಿಗೆ ಮನೆಗೆ ಬಂದ ಬಾಣಂತಿಗೆ ಗೋಡೆಯೊಳಗೆ ಯಾರೋ ಉಸಿರಾಡುವುದು ಕೇಳಿಸುತ್ತದೆ, ಅವಳ ಮಗುವಿನ ಉಸಿರಿನ ಲಯದಲ್ಲೇ. ಗಂಡ ನಂಬುವುದಿಲ್ಲ. ಡಾಕ್ಟರು, ಮನೆಯ ಯಜಮಾನ, ಯಾರೂ ನಂಬುವುದಿಲ್ಲ. ಕೊನೆಗೆ ಅವಳು ಮಗುವನ್ನೆತ್ತಿಕೊಂಡು ಆ ಮನೆ ಬಿಟ್ಟು ಹೊರಡುತ್ತಾಳೆ. ಎಲ್ಲರೂ ಹೊರಟ ಮೇಲೆ ಕ್ಯಾಮೆರಾ ಮಾತ್ರ ಖಾಲಿ ಕೋಣೆಯಲ್ಲಿ ಉಳಿಯುತ್ತದೆ. ಗೋಡೆ ಮೆಲ್ಲಗೆ ಉಬ್ಬಿ ಇಳಿಯುತ್ತದೆ. ಅಷ್ಟೇ. ಅವಳು ಹೇಳಿದ್ದು ನಿಜವೆಂದು ನೋಡುವ ನಮಗೆ ಮಾತ್ರ ಗೊತ್ತು. ಆ ಕ್ಷಣದಲ್ಲಿ ಟಾರ್ಚು ಮೊದಲ ಸಲ ನನ್ನ ಕೈ ಹಿಡಿದಿದ್ದ. ಬೆವರಿದ ಕೈ.

ಇಷ್ಟು ವರ್ಷಗಳ ಮೇಲೆ ಅದರ ಎರಡನೇ ಭಾಗ ಈ ಶುಕ್ರವಾರ ಬರುತ್ತಿದೆ. ಮೊದಲ ದಿನ, ಸಂಜೆಯ ಆಟ, ಇಬ್ಬರೂ ಒಟ್ಟಿಗೆ. ಅತ್ತೆ ಬಂದು ಮರಿಯನ್ನು ನೋಡಿಕೊಳ್ಳುತ್ತಾರೆ. ಹೆರಿಗೆಯಾದ ಮೇಲೆ ನಾನು ಎದುರು ನೋಡುತ್ತಿರುವ ಮೊದಲ ಸಂಗತಿ ಇದು.

ಮಾರ್ಚ್ ೭, ಶುಕ್ರವಾರ

ಅತ್ತೆಗೆ ಮಂಡಿನೋವು, ಬರಲಿಲ್ಲ. ಹೋಗಲಿ, ನಾಳೆ ನೋಡಿದರಾಯಿತು ಎಂದುಕೊಂಡು ಟಾರ್ಚುವಿಗೆ ಕಾಯುತ್ತಾ ಕೂತೆ. ಕತ್ತಲಾದ ಮೇಲೆ ಫೋನು ಬಂತು. ಹಿಂದೆ ಜನರ ಗಲಾಟೆ.

“ಎಲ್ಲಿದ್ದೀಯೋ?”

“ಟಿಕೆಟ್ ಇತ್ತಲ್ಲ ಕಣೇ... ಇಬ್ರದ್ದೂ ಯಾಕೆ ಹಾಳು ಮಾಡೋದು ಅಂತ...”

ನೋಡಿಬಿಟ್ಟಿದ್ದಾನೆ. ನನ್ನ ಸೀಟಿನಲ್ಲಿ ಸಿನಿಮಾ ಸಂಘದ ಗೆಳೆಯ ಮೊಸಳೆಯನ್ನು ಕೂರಿಸಿಕೊಂಡು.

ಮಾರ್ಚ್ ೯, ಭಾನುವಾರ

ಎರಡು ದಿನ ಮಾತು ಬಿಟ್ಟೆ. ಇವತ್ತು ಬೆಳಿಗ್ಗೆ ತಡೆಯಲಾರದೆ ನಾನೇ ಕೇಳಿದೆ, “ಹೇಗಿದೆ?”

“ಮುಸುಕು,” ಅಂದ.

ನಗು ಬಂತು, ಕೋಪವೂ ಬಂತು. ಮುಸುಕಿನ ಕಾನೂನು ನಾನೇ ಮಾಡಿದ್ದು. ಸಂಘ ಈಗ ಫೋನಿನೊಳಗಿನ ಬಳಗವಾಗಿದೆ, ಹೆಸರು ‘ಬೆಚ್ಚಿಬಿದ್ದವರು’. ಹೊಸ ಸಿನಿಮಾದ ಕಥೆ ಬಿಟ್ಟುಕೊಡುವ ಮಾತೇನಿದ್ದರೂ ಮುಸುಕಿನೊಳಗೆ ಬರೆಯಬೇಕು. ಓದುವವರಿಗೆ ಬರೀ ಕಪ್ಪು ಪಟ್ಟಿ ಕಾಣುತ್ತದೆ. ಬೆರಳಿಟ್ಟರೆ ಅಕ್ಷರಗಳು ಮೂಡುತ್ತವೆ. ಸಿನಿಮಾ ನೋಡದವರು ಬೆರಳಿಡಬಾರದು. ಕಾವಲಿಗೆ ಯಾರೂ ಇಲ್ಲ, ಮರ್ಯಾದೆಯೇ ಕಾವಲು. ಒಬ್ಬ ಕದ್ದು ಓದಿ ಸಿಕ್ಕಿಬಿದ್ದಾಗ ಅವನನ್ನು ಬಳಗದಿಂದ ಹೊರಗೆ ಹಾಕಿಸಿದವಳು ನಾನು. ದೆವ್ವಕ್ಕೆ ಹೆದರದವರೆಲ್ಲ ನನಗೆ ಹೆದರುತ್ತಾರೆ ಎಂದು ಹಲ್ಲಿನ ಡಾಕ್ಟರು ನಗುತ್ತಿರುತ್ತಾರೆ. ನಮ್ಮ ಬಳಗದ ಹಿರಿಯಕ್ಕ ಅವರು. ಹಗಲೆಲ್ಲ ಜನರ ಕಿರುಚಾಟ ಕೇಳಿ ಸಾಲದೆ ಸಂಜೆ ದುಡ್ಡು ಕೊಟ್ಟು ಕೇಳಲು ಹೋಗುವವರು.

ಶುಕ್ರವಾರದಿಂದ ಬಳಗದ ತುಂಬ ಕಪ್ಪು ಪಟ್ಟಿಗಳೇ. ಪಟ್ಟಿಯ ಹೊರಗೆ ಇಣುಕಿದ್ದರಲ್ಲೇ ಜಗಳ ಜೋರಾಗಿದೆ ಎಂದು ಗೊತ್ತಾಗುತ್ತದೆ. “ಮೊದಲನೇದಕ್ಕೆ ಮಾಡಿದ ಅವಮಾನ” ಎಂದು ಒಬ್ಬರು. “ಹಳೇದಕ್ಕೆ ಅಂಟಿಕೊಂಡವರಿಗೆ ಏನು ಕೊಟ್ಟರೂ ರುಚಿಸಲ್ಲ” ಎಂದು ಮೊಸಳೆ. ಅವನು ಎರಡನೇ ಭಾಗಗಳ ವಕೀಲ. ಸತ್ತ ದೆವ್ವ ನಾಲ್ಕನೇ ಭಾಗದಲ್ಲಿ ಅಂತರಿಕ್ಷಕ್ಕೆ ಹೋದ ಸಿನಿಮಾಕ್ಕೂ ಹತ್ತಕ್ಕೆ ಎಂಟು ಕೊಟ್ಟ ಮಹಾನುಭಾವ.

ಊಟದ ಹೊತ್ತಿಗೆ ನಾನೂ ಟಾರ್ಚೂ ನಮ್ಮ ಹಳೆಯ ವಾದಕ್ಕೆ ಬಿದ್ದೆವು. ಕೆಟ್ಟ ಎರಡನೇ ಭಾಗ ಬಂದರೆ ಮೊದಲನೆಯದು ಕೆಡುತ್ತದೆಯೇ?

“ಕೆಡಲ್ಲ,” ಅಂದೆ ನಾನು. “ಮೊದಲನೇದು ಅದರ ಪಾಡಿಗೆ ಅದಿರುತ್ತೆ. ಪಕ್ಕದ ಸೈಟಲ್ಲಿ ಯಾರೋ ಕೆಟ್ಟ ಮನೆ ಕಟ್ಟಿದ್ರೆ ನಮ್ಮ ಮನೆ ಬೀಳುತ್ತಾ?”

“ಪಕ್ಕದ ಸೈಟಲ್ಲ ಕಣೇ, ಮೇಲಿನ ಮಹಡಿ. ಒಂದ್ಸಲ ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ನೋಡೋಕಾಗಲ್ಲ. ಹಳೇ ಸೀನು ಅದೇ ಇರುತ್ತೆ, ನಿನ್ನ ಕಣ್ಣು ಬೇರೆಯಾಗಿರುತ್ತೆ.”

“ಕನ್ನಡಕದ ಅಂಗಡಿಯವರ ಮಾತು!”

ನಕ್ಕೆವು. ಮಾತು ಶುರುವಾಯಿತು. ಮುಂದಿನ ಭಾನುವಾರ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ.

ನಡುವೆ ಐದು ಸಲ ಎದ್ದೆ, ಕನ್ನಡಿಗೆ. ಅನ್ನ ಆರಿತು.

ಮಾರ್ಚ್ ೧೨, ಬುಧವಾರ

ಜನರಿಗೆ ಏನಾಗಿದೆಯೋ ತಿಳಿಯದು. ಹಳೆಯ ಸಿನಿಮಾದ ಕೊನೆಯ ದೃಶ್ಯದ ಬಗ್ಗೆ ನಾನು ಉದ್ದಕ್ಕೆ ಬರೆದೆ. ಕೋಣೆಯಲ್ಲಿ ಅವಳೇ ಇಲ್ಲದಾಗ ಗೋಡೆ ಉಸಿರಾಡುತ್ತದೆ, ಆದ್ದರಿಂದ ಅದು ಅವಳ ಭ್ರಮೆಯಾಗಿರಲು ಸಾಧ್ಯವೇ ಇಲ್ಲ, ಯಾವ ಎರಡನೇ ಭಾಗ ಬಂದರೂ ಈ ಸಾಕ್ಷಿಯನ್ನು ಅಳಿಸಲಾರದು ಎಂದು. ಹಿಂದೆಲ್ಲ ಇಂಥದ್ದು ಬರೆದರೆ ಮೊಸಳೆ ಬಾಯಿ ತೆರೆದುಕೊಂಡು ಮೇಲೆ ಬೀಳುತ್ತಿದ್ದ. ಇವತ್ತು, “ನೀವು ಹೇಳೋದೇ ಸರಿ ಅಕ್ಕ. ಮೊದಲು ಆರೋಗ್ಯ ನೋಡ್ಕೊಳ್ಳಿ,” ಎಂದು ಬರೆದಿದ್ದಾನೆ.

ಆರೋಗ್ಯವೇ? ನನಗೇನಾಗಿದೆ?

ಅದಾಗಿ ಸ್ವಲ್ಪ ಹೊತ್ತಿಗೆ ಹಲ್ಲಿನ ಡಾಕ್ಟರ ಫೋನು. ಮಗು ಹೇಗಿದೆ, ಹಾಲು ಸಾಕಾಗುತ್ತಾ, ನೀವು ಊಟ ಮಾಡ್ತಿದ್ದೀರಾ ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ, “ನನ್ನ ಗೆಳತಿ ಒಬ್ಬಳಿದ್ದಾಳೆ ಕಣಮ್ಮ, ಬಾಣಂತಿಯರ ನಿದ್ದೆ, ಆತಂಕ, ಇಂಥದ್ದನ್ನೆಲ್ಲ ನೋಡೋ ಡಾಕ್ಟರು. ನಂಬರ್ ಕಳಿಸಿರ್ತೀನಿ. ಇಟ್ಕೊಂಡಿರಿ, ಖರ್ಚಿಲ್ಲ,” ಎಂದರು.

ಇಟ್ಟುಕೊಂಡಿದ್ದೇನೆ. ಬೆಚ್ಚಿಬೀಳಿಸುವುದನ್ನೇ ಕಸುಬು ಮಾಡಿಕೊಂಡ ಬಳಗದಲ್ಲಿ ಎಲ್ಲರೂ ಇದ್ದಕ್ಕಿದ್ದಂತೆ ಮೆಲುದನಿಯಲ್ಲಿ ಮಾತಾಡತೊಡಗಿದರೆ ಅದಕ್ಕಿಂತ ಬೆಚ್ಚಿಬೀಳಿಸುವುದು ಬೇರೆ ಇಲ್ಲ. ನಮ್ಮ ಸಿನಿಮಾಗಳಲ್ಲಿ ಊರವರು ಹೀಗೆ ನಗುನಗುತ್ತಾ ಮಾತಾಡಿಸಿದರೆ ಮುಂದಿನದು ಏನೆಂದು ನಮಗೆಲ್ಲ ಗೊತ್ತು.

ಮಾರ್ಚ್ ೧೬, ಭಾನುವಾರ

ಇವತ್ತೂ ಹೋಗಲಿಲ್ಲ. ಬೆಳಿಗ್ಗೆ ಟಾರ್ಚುವಿಗೆ ತಲೆನೋವು. ಮಧ್ಯಾಹ್ನ ಅಂಗಡಿಯ ಲೆನ್ಸು ಬರುವುದಿತ್ತು. ಸಂಜೆ ಬಾಯಿ ಬಿಟ್ಟ.

“ನೀನು ಅದನ್ನ ನೋಡದೇ ಇದ್ರೇನೇ ಒಳ್ಳೇದು ಕಣೇ.”

“ಯಾಕೆ?”

“ನಿನಗೆ ಬೇಜಾರಾಗುತ್ತೆ.”

“ಬೇಜಾರು ಮಾಡ್ಕೊಳ್ಳೋಕೇ ಅಲ್ವಾ ನಾವು ಎರಡನೇ ಭಾಗ ನೋಡೋದು? ಈ ಗುರುವಾರ ಕೊನೇ ದಿನ ಅಂತೆ.”

“ಆಮೇಲೆ ಮನೇಲೇ ನೋಡಬಹುದು. ನಿನಗೆ ಈಗ ಬೇಕಾಗಿರೋದು ನಿದ್ದೆ.”

ನಿದ್ದೆ! ಅದೇನು ಅಂಗಡಿಯಲ್ಲಿ ಸಿಗುತ್ತದೆಯೇ, ಬರುವಾಗ ಒಂದಿಷ್ಟು ತಾ ಎನ್ನಲು? ಎಲ್ಲರ ಬಾಯಲ್ಲೂ ಅದೇ ಮಾತು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುವುದು ನನಗೇನು ಖುಷಿಯೇ?

ಅತ್ತೆಯ ಫೋನು ಬಂತು. ಅವರು ನಿವೃತ್ತ ಡ್ರಿಲ್ ಟೀಚರು. ಫೋನನ್ನು ಕಿವಿಯಿಂದ ದೂರ ಹಿಡಿದರೂ ಪಕ್ಕದ ಕೋಣೆಗೆ ಕೇಳಿಸುತ್ತದೆ. “ಹಳೇ ತೊಟ್ಟಿಲು ರಿಪೇರಿ ಮಾಡಿಸಿದ್ದೀನಿ ಕಣಮ್ಮ. ಕೋಣೆಗೂ ಸುಣ್ಣ ಹೊಡೆಸಿದ್ದೀನಿ. ನೀನೇನೂ ಯೋಚನೆ ಮಾಡ್ಬೇಡ,” ಅಂದರು. ನಾನು ಯಾವಾಗ ಯೋಚನೆ ಮಾಡಿದ್ದೆ? ನಾವು ಹೋದಾಗ ಇರಲಿ ಎಂದು ಮಾಡಿಸಿರಬೇಕು. ಪಾಪ, ಮಂಡಿನೋವಿನಲ್ಲಿ. ಟಾರ್ಚು ಫೋನನ್ನು ಕೈಯಿಂದ ತೆಗೆದುಕೊಂಡು ಬಾಲ್ಕನಿಗೆ ಹೋದ.

ಗುರುವಾರ ಒಬ್ಬಳೇ ಹೋಗುತ್ತೇನೆ. ಹೇಳದೆ ಹೋಗುತ್ತೇನೆ. ಅವನು ಹೇಳಿ ಹೋಗಿದ್ದನೇ?

ಮಾರ್ಚ್ ೨೦, ಗುರುವಾರ

ಕ್ರಮವಾಗಿ ಬರೆಯಬೇಕು. ಒಂದೂ ಬಿಡದೆ.

ಮರಿಯನ್ನು ಯಾರ ಹತ್ತಿರ ಬಿಡುವುದೆಂದು ಯೋಚಿಸಿ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. ಮಧ್ಯಾಹ್ನ ಅವರ ಕ್ಲಿನಿಕ್ಕು ಮುಚ್ಚಿರುತ್ತದೆ. ಸಿನಿಮಾಕ್ಕೆ ಎಂದೆ. “ನೋಡಲೇಬೇಕಾ?” ಎಂದರು. ಹೌದು ಎಂದೆ. “ಸರಿ. ನೋಡಿ. ನೀವೇ ನೋಡಿ. ಕರ್ಕೊಂಡು ಬನ್ನಿ ಮಗೂನ.”

ರೋಗಿಗಳ ಆ ದೊಡ್ಡ ಕುರ್ಚಿಯನ್ನು ಮಲಗಿಸಿ, ಸುತ್ತ ದಿಂಬು ಕಟ್ಟಿ, ಮಧ್ಯೆ ಮರಿಯನ್ನು ಕೂರಿಸಿಕೊಂಡು ತಾವು ಪಕ್ಕದ ಸ್ಟೂಲಿನ ಮೇಲೆ ಕೂತರು. “ನನ್ನ ಸರ್ವಿಸ್‌ನಲ್ಲೇ ಹಲ್ಲಿಲ್ಲದೆ ಬಂದ ಮೊದಲ ಪೇಷೆಂಟು,” ಎಂದು ನಕ್ಕರು. ನಾನು ಹಾಲಿನ ಬಾಟಲಿ, ಬಟ್ಟೆ, ಎಲ್ಲ ಕೊಟ್ಟು ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತಾ ನಿಂತೆ. ಹೇಗೆ ಹೇಳುವುದೆಂದು ತಿಳಿಯದೆ ಚೀಲದಿಂದ ಕನ್ನಡಿ ತೆಗೆಯುವಷ್ಟರಲ್ಲಿ ಅವರೇ ತಟ್ಟೆಯಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೆತ್ತಿ ತೋರಿಸಿದರು.

“ಹೋಗಿ ಬನ್ನಿ. ನನ್ನ ಹತ್ರ ಕನ್ನಡಿಗೆ ಬರ ಇಲ್ಲ. ಮಲಗಿದ್ರೆ ಹಿಡೀತೀನಿ.”

ನಗುತ್ತಲೇ ಹೇಳಿದರು. ಹೇಳಿದ ಮೇಲೆ ಅವರ ನಗು ನಿಂತುಹೋಯಿತು. ನಾನು ನನ್ನ ಕನ್ನಡಿಯನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬಸ್ಸು ಹತ್ತಿದ ಮೇಲೆ ಹೊಳೆಯಿತು: ಕನ್ನಡಿಯ ವಿಷಯ ಇವರಿಗೆ ಹೇಗೆ ಗೊತ್ತು?

ಚಿತ್ರಮಂದಿರದಲ್ಲಿ ಹತ್ತು ಹದಿನೈದು ಜನ. ದೀಪ ಆರಿತು. ಬಾಣಂತಿಯ ಮಗಳು ಈಗ ದೊಡ್ಡವಳಾಗಿ ಹಳೆಯ ಮನೆಗೆ ಮರಳುತ್ತಾಳೆ. ತಾಯಿಯ ಆಸ್ಪತ್ರೆಯ ಚೀಟಿಗಳು ಸಿಗುತ್ತವೆ... ಇಷ್ಟು ನೆನಪಿದೆ. ಆಮೇಲೆ ನಾನು ಮಲಗಿಬಿಟ್ಟೆ. ನಾಚಿಕೆಗೇಡು. ಹೆದರಿಸುವ ಸಿನಿಮಾದಲ್ಲಿ, ಜನ ಕಿರುಚುವಾಗ, ಬಾವಲಿಯೆಂಬ ಹೆಸರಿನವಳು ಗೊರಕೆ ಹೊಡೆದಳು. ಅಷ್ಟು ಸಪ್ಪೆಯಾಗಿತ್ತು ಸಿನಿಮಾ, ಬೇರೇನಲ್ಲ.

ಎಚ್ಚರವಾದದ್ದು ಒಂದು ಕೂಗಿಗೆ. ತೆರೆಯ ಮೇಲೆ ಹಳೆಯ ದಿನದ ದೃಶ್ಯ. ಅದೇ ಮನೆ, ಅದೇ ತಾಯಿ. ಗಂಡ ಅವಳ ತೋಳಿನಿಂದ ಮಗುವನ್ನು ಬಿಡಿಸಿ ಯಾರ ಕೈಗೋ ಕೊಡುತ್ತಿದ್ದಾನೆ. ಅವಳು ಕೂಗುತ್ತಿದ್ದಾಳೆ. ಕಾರು ಹೊರಡುತ್ತದೆ. ಗೋಡೆ ಬರೀ ಗೋಡೆ. ಅವಳು ಮಗುವನ್ನೆತ್ತಿಕೊಂಡು ಹೊರಟದ್ದೂ ಸುಳ್ಳಂತೆ, ದೆವ್ವವೇ ಇರಲಿಲ್ಲವಂತೆ, ಅವಳಿಗೆ ತಲೆ ಕೆಟ್ಟಿತ್ತಂತೆ. ಮಗು ಪಾರಾಯಿತೆಂದು ಜನ ಚಪ್ಪಾಳೆ ತಟ್ಟಿದರು.

ಹೊರಗಿನ ಮೆಟ್ಟಿಲ ಮೇಲೆ ಕೂತೆ. ಅರ್ಧ ನಿದ್ದೆ ಮಾಡಿದವಳು ನೋಡಿದವಳ ಲೆಕ್ಕವೇ? ಕೊನೆಯಂತೂ ಗೊತ್ತಾಯಿತಲ್ಲ. ಮುಸುಕು ತೆರೆಯಲು ನನಗೆ ಹಕ್ಕಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಟಾರ್ಚು ಶನಿವಾರ, ಅಂದರೆ ಸಿನಿಮಾ ನೋಡಿದ ಮರುದಿನ, ಹಾಕಿದ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟೆ.

“ಈ ತಾಯಿ ಉತ್ಪ್ರೇಕ್ಷೆ ಎನ್ನುವವರು ನಮ್ಮ ಮನೆಗೆ ಬನ್ನಿ. ನಮ್ಮ ಬಾವಲಿ ಮಗುವಿನ ಮೂಗಿಗೆ ಪೌಡರ್ ಡಬ್ಬಿಯ ಕನ್ನಡಿ ಹಿಡಿಯುತ್ತಾಳೆ. ಬದುಕಿದೆಯಾ ನೋಡಲು ಚಿವುಟಿ ಎಬ್ಬಿಸುತ್ತಾಳೆ. ಅದು ಅತ್ತರೆ ತಾನೂ ಅಳುತ್ತಾಳೆ. ಮೊದಲ ಭಾಗದಲ್ಲಿ ಆ ಗಂಡನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ಅವನ ಕಷ್ಟ ಅರ್ಥವಾಗುತ್ತಿದೆ.”

ಚಿವುಟಿ. ನಾನು ಚಿವುಟಿಲ್ಲ. ಅಂಗಾಲು ಸವರಿದ್ದೇನೆ. ಎರಡನೇ ಭಾಗ ಮಾಡುವವರ ಕಸುಬೇ ಇದು, ಇದ್ದದ್ದರ ಮೇಲೆ ಒಂದಿಷ್ಟು ಸೇರಿಸುವುದು.

ಕೆಳಗೆ ಪಟ್ಟಿಯ ಮೇಲೆ ಪಟ್ಟಿ. ಅಯ್ಯೋ ಪಾಪ ಎಂದವರು, ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು ಎಂದವರು. ಮೊಸಳೆ: “ಸಿನಿಮಾದಲ್ಲಿ ಮಾಡಿದ ಹಾಗೆ ಸ್ವಲ್ಪ ದಿನ ಮಗು ಬೇರೆ ಇರಲಿ ಗುರು.” ಹತ್ತಾರು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದಾರೆ. ಹಲ್ಲಿನ ಡಾಕ್ಟರು ಮಾತ್ರ, “ಇದನ್ನ ಇಲ್ಲಿ ಬರೀಬಾರದು. ಅವಳ ಹತ್ರ ಮಾತಾಡಿ,” ಎಂದಿದ್ದಾರೆ. ಅದಕ್ಕೆ ಟಾರ್ಚು: “ಅಮ್ಮನ ಹತ್ತಿರ ಮಾತಾಡಿದ್ದೇನೆ. ೨೩ನೇ ತಾರೀಖು ಬಂದು ಕರೆದುಕೊಂಡು ಹೋಗುತ್ತಾಳೆ. ಮೊದಲೇ ಗೊತ್ತಾದರೆ ಇವಳು ಬಿಡುವುದಿಲ್ಲ. ಅವತ್ತೇ ಹೇಳುತ್ತೇನೆ.”

ಯಾರೋ ಕೇಳಿದ್ದಾರೆ: “ಬಾವಲಿ ಇದನ್ನ ಓದಿದರೆ?”

“ಓದುವುದಿಲ್ಲ. ಸಿನಿಮಾ ನೋಡದೆ ಮುಸುಕು ತೆರೆಯುವವಳಲ್ಲ ಅವಳು. ನಿಮಗೇ ಗೊತ್ತಲ್ಲ.” ಪಕ್ಕದಲ್ಲಿ ಒಂದು ನಗುವ ಮುಖ.

ನನ್ನ ಮರ್ಯಾದೆಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಅದನ್ನೇ ಬೀಗ ಮಾಡಿಕೊಂಡು, ನನ್ನ ಕಥೆಯನ್ನು ನನ್ನ ಕಣ್ಣೆದುರಿಗೇ ಬಚ್ಚಿಟ್ಟ. ಸಿನಿಮಾಕ್ಕೆ ಏಕೆ ಕರೆದುಕೊಂಡು ಹೋಗಲಿಲ್ಲ, ತೊಟ್ಟಿಲು ಏಕೆ ರಿಪೇರಿಯಾಯಿತು, ಮೊಸಳೆ ಏಕೆ ಅಕ್ಕ ಎಂದ, ಎಲ್ಲ ಒಂದೇ ಉಸಿರಿಗೆ ಗೊತ್ತಾಯಿತು.

ಕ್ಲಿನಿಕ್ಕಿಗೆ ಹೋದಾಗ ಹಲ್ಲಿನ ಡಾಕ್ಟರು ನನ್ನ ಮುಖ ನೋಡಿ ಎದ್ದು ನಿಂತರು. “ನಾನು ಅವತ್ತೇ ಹೇಳಬೇಕಿತ್ತು,” ಎಂದರು.

“ಹೌದು,” ಎಂದೆ. ಮರಿಯನ್ನೆತ್ತಿಕೊಂಡು ಬಂದೆ.

ಮಾರ್ಚ್ ೨೧, ಶುಕ್ರವಾರ

ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ ಕೇಳಿದೆ.

“ಭಾನುವಾರ ಮರೀನ ಎಷ್ಟು ಹೊತ್ತಿಗೆ ಕಳಿಸ್ತಿದ್ದೀಯ?”

ಲೇಸು ಹಾಗೇ ಕೈಯಲ್ಲಿ ಉಳಿಯಿತು. “ಯಾರು ಹೇಳಿದ್ರು?”

“ನೀನೇ. ಸಿನಿಮಾ ನೋಡಿದೆ ನಿನ್ನೆ.”

ಕೆಳಗೇ ಕೂತುಬಿಟ್ಟ. “ನನಗೂ ಯಾರ ಹತ್ರಾನಾದ್ರೂ ಹೇಳ್ಕೋಬೇಕಿತ್ತು ಕಣೇ. ನಾನೂ ನಿದ್ದೆ ಮಾಡಿಲ್ಲ. ನಿನ್ನ ನೋಡಿದ್ರೆ ಭಯ ಆಗ್ತಿತ್ತು,” ಅಂದ.

“ಭಯ ಆದ್ರೆ ನನ್ನ ಹತ್ರ ಹೇಳ್ಬೇಕು. ಊರಿಗೆಲ್ಲ ಟಿಕೆಟ್ ಹಂಚೋದಲ್ಲ.”

“ಕೆಟ್ಟದ್ದು ಮಾಡ್ಬೇಕು ಅಂತ ಮಾಡ್ಲಿಲ್ಲ.”

“ಆ ಸಿನಿಮಾದ ಗಂಡನೂ ಹಾಗೇ ಅಂತಾನೆ. ನೀನೇ ಅಣಕ ಮಾಡ್ತಿದ್ದೆಯಲ್ಲೋ ಅವನ ಧ್ವನಿನ, ಕ್ಯಾಂಟೀನಲ್ಲಿ!”

ಅವನು ಅತ್ತ. ನಾನು ಅಳಲಿಲ್ಲ, ಆಶ್ಚರ್ಯ. “ಇನ್ನೊಂದು ಕೇಳ್ಲಾ?” ಎಂದೆ. “ಚಿವುಟ್ತೀನಿ ಅಂತ ಯಾಕೆ ಬರೆದೆ?”

“ಹಾಗೆ ಅನ್ನಿಸ್ತು...”

“ಚೆನ್ನಾಗಿ ಕಾಣ್ಲಿ ಅಂತ ಬರೆದೆ.”

ಅವನು ಲೇಸಿಗೆ ಗಂಟು ಹಾಕಿದ. ಇದೊಂದನ್ನು ಕ್ಷಮಿಸಲು ನನ್ನಿಂದಾಗದು. ಉಳಿದದ್ದಕ್ಕೆ ಕಾರಣವಿರಬಹುದು. ಇದಕ್ಕೆ ಇದ್ದದ್ದು ಬರೀ ನೋಡುಗರು.

ಅತ್ತೆಗೆ ಬರಬೇಡಿ ಎಂದು ಹೇಳುತ್ತೇನೆ ಎಂದ. ಬೇಡ, ಬರಲಿ ಎಂದೆ. ನನ್ನ ಮಗುವನ್ನು ಒಯ್ಯಲು ಬಂದವರ ಮುಖ ನೋಡಬೇಕು ನನಗೆ.

ಮಾರ್ಚ್ ೨೩, ಭಾನುವಾರ

ಮರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಾಗಿಲು ತೆಗೆದೆ. ಯಾರು ಕಿತ್ತುಕೊಳ್ಳುತ್ತಾರೋ ನೋಡುತ್ತೇನೆ ಎಂದು. ಅತ್ತೆ ಖಾಲಿ ಸೂಟ್‌ಕೇಸು ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು.

“ಬಟ್ಟೆ ಎಲ್ಲಾ ತೆಗೆದಿಟ್ಟಿದ್ದೀಯೇನಮ್ಮಾ?”

“ಇಲ್ಲ ಅತ್ತೆ. ನಾನು ಕಳಿಸಲ್ಲ.”

“ಮನಸ್ಸು ಬದಲಾಯಿಸಿದ್ಯಾ? ಒಳ್ಳೇದಾಯ್ತು ಬಿಡು. ನೀನೇ ಕೇಳ್ಕೊಂಡೆ ಅಂದಾಗ ನನಗೆ ನಂಬಿಕೇನೇ ಬರ್ಲಿಲ್ಲ.”

“ನಾನು ಕೇಳ್ಕೊಂಡೆನಾ?”

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ನನ್ನ ಹೆಗಲ ಮೇಲಿಂದ ಮಗನ ಮುಖ ನೋಡಿದರು. “‘ಅವಳಿಗೆ ಬಾಯಿಬಿಟ್ಟು ಕೇಳೋಕೆ ನಾಚಿಕೆ ಅಮ್ಮ, ಫೋನಲ್ಲಿ ಆ ವಿಷಯ ಎತ್ತಬೇಡ’ ಅಂದ್ಯಲ್ಲೋ!”

ಅತ್ತೆಗೂ ಅವನು ಒಂದು ಮುಸುಕು ಹಾಕಿದ್ದ.

“ತಾಯಿ ಕೈಯಿಂದ ಕದ್ದ ಮಗೂನ ಈ ಮಂಡಿ ಇಟ್ಕೊಂಡು ನಾನು ಹೊತ್ಕೊಂಡು ಹೋಗ್ಬೇಕಿತ್ತಾ? ನನ್ನ ಕ್ಲಾಸಲ್ಲಾಗಿದ್ರೆ ಗೋಡೆ ಕಡೆ ಮುಖ ಮಾಡ್ಸಿ ನಿಲ್ಲಿಸ್ತಿದ್ದೆ ನಿನ್ನ!” ಇಡೀ ಕಟ್ಟಡಕ್ಕೆ ಕೇಳಿಸಿತು. ಮರಿ ಮಾತ್ರ ಆ ಧ್ವನಿಗೆ ಹೆದರುವುದು ಬಿಟ್ಟು ಕಿಲಕಿಲ ನಕ್ಕಳು. ಬಾಯಗಲಿಸಿದಾಗ ಕೆಳಗಿನ ಒಸಡಿನಲ್ಲಿ ಏನೋ ಬೆಳ್ಳಗೆ ಕಂಡಿತು.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಖಾಲಿ ಸೂಟ್‌ಕೇಸನ್ನು ಮಗನ ಕೈಗೆ ಕೊಟ್ಟರು. “ಊರಿಗೆ ಹೋಗಿ ನನ್ನ ಬಟ್ಟೆ ತುಂಬ್ಕೊಂಡು ಬಾ. ಮಗು ಎಲ್ಲೂ ಹೋಗಲ್ಲ. ನಾನೇ ಇಲ್ಲಿರ್ತೀನಿ.” ನನ್ನ ಕಡೆ ತಿರುಗಿ, ಧ್ವನಿಯನ್ನು ಅವರ ಮಟ್ಟಿಗೆ ತಗ್ಗಿಸಿ, “ಇರ್ಲೇನಮ್ಮಾ? ನಿನ್ನ ಕೇಳ್ತಿದ್ದೀನಿ,” ಎಂದರು.

ಇಷ್ಟು ದಿನಗಳಲ್ಲಿ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಇರಿ ಎಂದೆ.

ಮಾರ್ಚ್ ೩೦, ಭಾನುವಾರ

ಒಂದು ವಾರ ಬರೆಯಲಾಗಲಿಲ್ಲ. ಹಾಸಿಗೆಗೆ ಬಿದ್ದರೆ ಏಳುವುದೇ ಕಷ್ಟವಾಗುತ್ತಿದೆ; ಯಾವುದೋ ಸೋಂಕಿರಬೇಕು.

ಬುಧವಾರ ಹಲ್ಲಿನ ಡಾಕ್ಟರು ಕೊಟ್ಟ ನಂಬರಿಗೆ ಫೋನು ಮಾಡಿ ಅವರ ಗೆಳತಿ ಡಾಕ್ಟರನ್ನು ನೋಡಿ ಬಂದೆ. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಎಲ್ಲವನ್ನೂ ನಾನೇ ಹೇಳಿದೆ, ಕಡಿಮೆ ಮಾಡದೆ, ಸೇರಿಸದೆ. ಮಾತ್ರೆ ಕೊಟ್ಟಿದ್ದಾರೆ, ಮತ್ತೆ ಬರಲು ಹೇಳಿದ್ದಾರೆ.

ಬಳಗಕ್ಕೆ ನನ್ನ ಅಭಿಪ್ರಾಯ ಬರೆದೆ, ಮುಸುಕಿಲ್ಲದೆ. “ಗೋಡೆಯ ಉಸಿರು, ಎರಡನೇ ಭಾಗ. ಅರ್ಧ ಮಲಗಿದ್ದೆ, ಆದ್ದರಿಂದ ಅಂಕ ಕೊಡುವುದಿಲ್ಲ. ಕೊನೆಯಲ್ಲಿ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಹೆಬ್ಬೆರಳು ಎತ್ತಿದವರು ಇಳಿಸಬಹುದು.” ಅಷ್ಟು ಬರೆದು ಹೊರಗೆ ಬಂದೆ. ನಾನೇ ಕಟ್ಟಿದ ಬಳಗ. ಹಲ್ಲಿನ ಡಾಕ್ಟರು ಪ್ರತ್ಯೇಕವಾಗಿ ಸಂದೇಶ ಕಳಿಸಿದ್ದಾರೆ: ನಿಮ್ಮ ಕನ್ನಡಿ ಕ್ಲಿನಿಕ್ಕಿನಲ್ಲೇ ಇದೆ, ಕಳಿಸಲಾ ಎಂದು. ಯಾವ ಕನ್ನಡಿ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಇನ್ನೂ ಉತ್ತರ ಬರೆದಿಲ್ಲ.

ಮಧ್ಯಾಹ್ನ ಅತ್ತೆ, “ಅದೇನದು, ನಿಮ್ಮಿಬ್ಬರ ತಲೆ ಕೆಡಿಸಿದ ಸಿನಿಮಾ? ಹಾಕು ನೋಡೋಣ,” ಎಂದರು. ಮೊದಲನೆಯದನ್ನೇ ಹಾಕಿದೆ. ಹೆದರುವ ಕಡೆಯೆಲ್ಲ ಅತ್ತೆ ಬಟಾಣಿ ಸುಲಿಯುತ್ತಾ ನಕ್ಕರು. ಆ ಗಂಡ ಬಂದಾಗಲೆಲ್ಲ, “ನೆಟ್ಟಗೆ ನಿಂತ್ಕೊಳ್ಳೋಕೆ ಬರಲ್ಲ, ಇವನಿಗೆ ಹೆಂಡ್ತಿ ಬೇರೆ,” ಎಂದರು. ಮುಗಿಯುವ ಹೊತ್ತಿಗೆ ಅವರ ಕೈ ನಿಂತಿತ್ತು.

“ಅಲ್ಲ ಕಣಮ್ಮ, ಅಷ್ಟು ಜನ ಇದ್ರಲ್ಲ. ಒಬ್ಬರಾದ್ರೂ ಹೋಗಿ ಆ ಗೋಡೆಗೆ ಕಿವಿ ಇಟ್ಟು ನೋಡ್ಬಾರದಿತ್ತಾ?”

ಇಷ್ಟು ವರ್ಷ, ಇಷ್ಟು ಸಲ ನೋಡಿದ್ದೇವೆ, ಎಷ್ಟೋ ಪುಟ ಬರೆದಿದ್ದೇವೆ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಟಾರ್ಚು ಯಾವಾಗಲೋ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಒಳಗೆ ಬಾ ಎಂದು ನಾನು ಹೇಳಲಿಲ್ಲ. ಕೊನೆಯ ದೃಶ್ಯ ಬಂತು. ಖಾಲಿ ಕೋಣೆ, ಗೋಡೆ ಉಬ್ಬಿತು, ಇಳಿಯಿತು. ಒಂದು ಅಕ್ಷರ ಬದಲಾಗಿಲ್ಲ. ಆದರೆ ನನಗೆ ಗೋಡೆ ಕಾಣಲಿಲ್ಲ. ಕತ್ತಲಲ್ಲಿ ನನ್ನ ಕೈ ಹಿಡಿದಿದ್ದ ಆ ಬೆವರಿದ ಕೈ ಕಂಡಿತು. ಆಗಲೂ ಅವನು ಹೆದರಿದ್ದು ಗೋಡೆಗೋ, ಪಕ್ಕದಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದ ಹುಡುಗಿಗೋ ಎಂಬ ಪ್ರಶ್ನೆ ಬಂತು. ಮೊದಲು ಯಾವತ್ತೂ ಬಂದಿರಲಿಲ್ಲ. ಇನ್ನು ಈ ಸಿನಿಮಾ ನೋಡಿದಾಗಲೆಲ್ಲ ಬರುತ್ತದೆ.

ನಮ್ಮ ಹಳೆಯ ವಾದದಲ್ಲಿ ಟಾರ್ಚುವೇ ಗೆದ್ದ. ಮೊದಲನೆಯದು ಕೆಡುತ್ತದೆ. ನೀನೇ ಗೆದ್ದೆ ಎಂದು ಅವನಿಗೆ ನಾನು ಹೇಳಲಿಲ್ಲ.

ಅವನು ಮುಂದಿನ ಕೋಣೆಯ ಸೋಫಾದ ಮೇಲೆ ಹಾಸಿಕೊಳ್ಳುತ್ತಿದ್ದಾನೆ. ಮರಿ ಅತ್ತೆಯ ಕೋಣೆಯಲ್ಲಿದ್ದಾಳೆ, ಬಾಗಿಲು ಮುಚ್ಚಿದೆ. ಒಳಗಿಂದ ಏನೂ ಕೇಳಿಸುತ್ತಿಲ್ಲ. ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಎದ್ದು ನೋಡಿದರಾಯಿತು.